ಖಾಲಿ ಕುಣಿಯ ಬದಿಯ ಸ್ಪೀಕರ್

1998ರಲ್ಲಿ ಚಳ್ಳಕೆರೆಯ ನಮ್ಮ ಅಂಗಡಿಯಲ್ಲಿ ಸ್ಪೀಕರ್ ಆರಿಸಿಕೊಡುವ ಕೆಲಸ ಪೂರ್ತಿಯಾಗಿ ನನ್ನದಾಗಿತ್ತು. ಅಂಗಡಿ ನನ್ನ ಗಂಡನದು. ರೇಡಿಯೊ ಮತ್ತು ಟೇಪ್ ರೆಕಾರ್ಡರ್ ರಿಪೇರಿಯಿಂದ ಶುರುವಾದದ್ದು. ನಾನು ಮೈಸೂರಿನಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಮದುವೆಯಾಗಿ ಎಣ್ಣೆ ಮಿಲ್ಲುಗಳ ಈ ಊರಿಗೆ ಬಂದವಳು. ಮೇಷ್ಟರ ಕೆಲಸಕ್ಕೆ ಅರ್ಜಿ ಹಾಕುತ್ತಲೇ ಅಂಗಡಿಯಲ್ಲಿ ಕೂರತೊಡಗಿದೆ, ಆಮೇಲೆ ಅರ್ಜಿ ಹಾಕುವುದನ್ನೇ ಮರೆತೆ.

ದಿನಚರಿ ಬರೆಯುವ ಅಭ್ಯಾಸ ನನಗೆ ಕಾಲೇಜಿನಿಂದಲೂ ಇದೆ. ಈಗ ಹೇಳಹೊರಟಿರುವ ಪ್ರಸಂಗದ ಪುಟಗಳನ್ನು ತೆಗೆದು ನೋಡಿದರೆ ಅಲ್ಲಿರುವುದು ತಂತಿಯ ದಪ್ಪ, ಪೆಟ್ಟಿಗೆಯ ಅಳತೆ, ಗೋಡೆಯಿಂದ ಬಿಟ್ಟ ಅಂತರ, ಇಷ್ಟೇ. ಕೇಳಿಸಿದ್ದರ ಬಗ್ಗೆ ಒಂದು ಸಾಲೂ ಬರೆದಿಲ್ಲ. ಹೆದರಿ ಬರೆಯಲಿಲ್ಲವೋ, ಬರೆಯುವಂಥದ್ದೇನೂ ಇಲ್ಲ ಎಂದುಕೊಂಡೆನೋ, ಈಗ ಹೇಳಲಾರೆ. ಆದ್ದರಿಂದ ತಂತಿ, ಪೆಟ್ಟಿಗೆ, ಕೋಣೆಯ ವಿಚಾರದಲ್ಲಿ ನನ್ನ ಮಾತನ್ನು ನಂಬಬಹುದು. ಕಿವಿಗೆ ಬಿದ್ದದ್ದರ ವಿಚಾರದಲ್ಲಿ ನನಗೇ ನನ್ನ ಮೇಲೆ ಅಷ್ಟು ನಂಬಿಕೆಯಿಲ್ಲ.

ಆಗ ಸ್ಪೀಕರ್ ಕೊಳ್ಳಲು ಬರುತ್ತಿದ್ದವರು ಮೊದಲು ನೋಡುತ್ತಿದ್ದದ್ದು ಪೆಟ್ಟಿಗೆಗೆ ಅಂಟಿಸಿದ ವ್ಯಾಟ್ಸ್ ಸ್ಟಿಕರನ್ನು. ಸಾವಿರ, ಎರಡು ಸಾವಿರ ವ್ಯಾಟ್ ಎಂದು ಬರೆದಿರುತ್ತಿದ್ದರು. ಅದು ಕಣ್ಣು ಮಿಟುಕಿಸುವುದರೊಳಗೆ ಆಗಿಹೋಗುವ ಗರಿಷ್ಠ ಶಕ್ತಿಯ ಲೆಕ್ಕ. ಮನೆಯಲ್ಲಿ ಹಾಡು ಕೇಳುವವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ನಾನು ಅವರಿಗೆ ಹೇಳುತ್ತಿದ್ದದ್ದು ಬೇರೆ. ನಿಮಗೆ ಚೆನ್ನಾಗಿ ಗೊತ್ತಿರುವ ಕ್ಯಾಸೆಟ್ ತನ್ನಿ. ಮೊದಲು ಮನುಷ್ಯರ ದನಿ ಕೇಳಿ, ಡೋಲು ಆಮೇಲೆ. ಪೆಟ್ಟಿಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ. ತಗಡಿನ ಡಬ್ಬದಂತೆ ಕೇಳಿದರೆ ಬಿಟ್ಟುಬಿಡಿ. ಮನೆಯಲ್ಲಿ ಎರಡೂ ಸ್ಪೀಕರನ್ನು ಗೋಡೆಗೆ ಒತ್ತದೆ ಮುಂದೆ ಇಡಿ, ನೀವು ಕೂರುವ ಜಾಗ ಮತ್ತು ಎರಡು ಸ್ಪೀಕರು ಸೇರಿ ಸಮಬಾಹು ತ್ರಿಕೋನವಾಗಲಿ. ಹಾಗೆ ಇಟ್ಟರೆ, ಬೆಲೆ ಕಡಿಮೆಯ ಸಣ್ಣ ಪೆಟ್ಟಿಗೆಗಳೂ ಕೋಣೆಯ ಗೋಡೆಗಳನ್ನು ದೂರ ಸರಿಸಿದಂತೆ ಕೇಳುತ್ತವೆ. ಹಾಡುವವರು ಎರಡು ಪೆಟ್ಟಿಗೆಗಳ ನಡುವೆ, ಏನೂ ಇಲ್ಲದ ಜಾಗದಲ್ಲಿ, ನಿಂತಿರುತ್ತಾರೆ. ಇದಕ್ಕೆ ಪುಸ್ತಕದಲ್ಲಿ ಫ್ಯಾಂಟಮ್ ಇಮೇಜ್, ಅಂದರೆ ಭೂತಬಿಂಬ, ಎನ್ನುತ್ತಾರೆ. ಎರಡು ಕಿವಿಗೆ ಒಂದೇ ಸದ್ದು ಸಮವಾಗಿ ಬಂದರೆ ಮಿದುಳು ಅದನ್ನು ಮಧ್ಯದ ಗಾಳಿಯಲ್ಲಿ ಕೂರಿಸಿಬಿಡುತ್ತದೆ. ಪರೀಕ್ಷೆಗೆ ಓದುವಾಗ ಆ ಹೆಸರಿನಲ್ಲೇ ದೆವ್ವವಿದೆ ಎಂದು ನನಗೆ ಹೊಳೆದಿರಲಿಲ್ಲ.

ಒಂದು ದಿನ ಬೆಳಿಗ್ಗೆ ಮೊಳಕಾಲ್ಮೂರಿನಿಂದ ಇಬ್ಬರು ಬಂದರು. ಮೂವತ್ತರ ಆಸುಪಾಸಿನ ರಾಮಲಿಂಗ, ರೇಷ್ಮೆ ಸೀರೆ ನೇಯುವವನು. ಮತ್ತು ಅವನ ಅಣ್ಣನ ಹೆಂಡತಿ ಚೌಡಮ್ಮ. ಅಣ್ಣ ಈರಣ್ಣ ಆ ವರ್ಷ ಸಂಕ್ರಾಂತಿಯ ನಂತರ ತೀರಿಕೊಂಡಿದ್ದ. ರಾಮಲಿಂಗ ಕ್ಯಾಸೆಟ್ ಒಂದನ್ನು ಕರವಸ್ತ್ರದಲ್ಲಿ ಸುತ್ತಿ ತಂದಿದ್ದ.

"ಮನೆ ಒಳಗೆ ಮಗ್ಗ ಆಡ್ದಂಗೆ ಕೇಳ್ಬೇಕು, ಮೇಡಂ. ಟೇಪಿನೊಳಗೆ ಆಡ್ದಂಗಲ್ಲ" ಎಂದ.

ನನ್ನ ಗಂಡ ನಗುತ್ತಾ, "ಎಲ್ರೂ ಹಾಡು ಕೇಳಾಕೆ ಬರ್ತಾರೆ, ನೀನು ಮಗ್ಗ ಕೇಳಾಕೆ ಬಂದೀಯಲ್ಲಪ್ಪಾ! ಮನೇಲಿ ಆಡೋದು ಸಾಲ್ದಾ?" ಎಂದರು.

"ಒಂದೇ ಆಡ್ತೈತೆ ಸಾರ್, ಈಗ" ಎಂದ ರಾಮಲಿಂಗ.

ಆ ಕ್ಯಾಸೆಟ್ಟಿನ ಕಥೆ ಹೀಗಿತ್ತು. ಹಿಂದಿನ ವರ್ಷ ನೇಯ್ಗೆಯ ಬಗ್ಗೆ ಅಧ್ಯಯನ ಮಾಡಲು ಬಂದಿದ್ದ ಹುಡುಗಿಯೊಬ್ಬಳು ಎರಡು ಮೈಕು ಇಟ್ಟು ಅಣ್ಣತಮ್ಮಂದಿರ ಮಗ್ಗದ ಸದ್ದನ್ನು ಸ್ಟೀರಿಯೊದಲ್ಲಿ ಹಿಡಿದುಕೊಂಡು ಹೋಗಿದ್ದಳು. ಒಂದು ಪ್ರತಿಯನ್ನು ಇವರಿಗೂ ಕಳಿಸಿದ್ದಳು. ಮನೆಯ ಟೇಪ್ ರೆಕಾರ್ಡರಿಗೆ ಇದ್ದದ್ದು ಒಂದೇ ಸ್ಪೀಕರ್. ಅದರಲ್ಲಿ ಎರಡು ಮಗ್ಗಗಳ ಸದ್ದೂ ಒಂದೇ ತೂತಿನಿಂದ ಒಂದರ ಮೇಲೊಂದು ಬಿದ್ದು ಬರುತ್ತಿತ್ತು.

ಅದು ಯಾಕೆ ಅವನಿಗೆ ಅಷ್ಟು ಮುಖ್ಯವಾಗಿತ್ತು ಎಂಬುದನ್ನು ತಿಳಿಯಲು ಅವರ ಮನೆಯ ಪದ್ಧತಿ ತಿಳಿಯಬೇಕು. ಅವರದು ಕುಣಿ ಮಗ್ಗ. ನೇಯುವವನು ನೆಲದ ಮಟ್ಟದಲ್ಲಿ ಕೂತು ಕಾಲುಗಳನ್ನು ಕುಣಿಯೊಳಗೆ ಇಳಿಬಿಟ್ಟು ತುಳಿಯುತ್ತಾನೆ. ಒಂದೇ ಕೋಣೆಯಲ್ಲಿ ಪಕ್ಕಪಕ್ಕದಲ್ಲಿ ಎರಡು ಕುಣಿ. ಎರಡು ಮಗ್ಗಗಳನ್ನೂ ಮಾಡಿನ ಒಂದೇ ತೊಲೆಗೆ ಕಟ್ಟಲಾಗಿತ್ತು. ಅಡ್ಡ ಎಳೆಯನ್ನು ಒತ್ತಿ ಕೂರಿಸುವ ಹಲಗೆಯನ್ನು ಇಬ್ಬರೂ ಒಟ್ಟಿಗೆ ಬಡಿದರೆ ತೊಲೆ ಅದುರುತ್ತಿತ್ತು. ಅದಕ್ಕಾಗಿ ಅವರ ಅಪ್ಪ ಚಿಕ್ಕಂದಿನಿಂದಲೇ ಒಂದು ರೂಢಿ ಹಾಕಿದ್ದ: ಒಬ್ಬನ ಪೆಟ್ಟು ಇನ್ನೊಬ್ಬನ ಎರಡು ಪೆಟ್ಟುಗಳ ನಡುವಿನ ಬಿಡುವಿಗೇ ಬೀಳಬೇಕು. ಹಾಗೆ ಕಲಿತ ರಾಮಲಿಂಗನ ಕೈಗೆ ಅಣ್ಣನ ಪೆಟ್ಟೇ ಅಳತೆಯಾಗಿತ್ತು. ಈಗ ಆ ಪೆಟ್ಟಿಲ್ಲ. ಅವನ ಪೆಟ್ಟು ಒಮ್ಮೆ ಬಿಗಿ, ಒಮ್ಮೆ ಸಡಿಲ. ಸೀರೆಯಲ್ಲಿ ಅಡ್ಡಡ್ಡ ಪಟ್ಟೆಗಳು ಕಾಣುತ್ತಿದ್ದವು.

"ಸಾಹುಕಾರ್ರು ಎಲ್ಡು ಸೀರೆ ತಿರುಗಿಸಿ ಒಗದ್ರು" ಎಂದಳು ಚೌಡಮ್ಮ. ಸಾಹುಕಾರರೆಂದರೆ ಇವರಿಗೆ ರೇಷ್ಮೆಯ ಹಾಸು, ಅಂದರೆ ಮಗ್ಗಕ್ಕೆ ಬಿಗಿಯುವ ಉದ್ದದ ಎಳೆಗಳನ್ನು, ಕೊಟ್ಟು ನೇಯಿಸಿಕೊಳ್ಳುವವರು. "ಈಗ ಮಗ್ಗದ ಮ್ಯಾಲೆ ಇರೋದು ಮದುವೆ ಸೀರೆ. ಇದೂ ಹಂಗೇ ಆದ್ರೆ ಹಾಸು ಕೊಯ್ಕೊಂಡು ಹೋಗ್ತೀವಿ, ಬ್ಯಾರೆ ಮನೆಗೆ ಕೊಡ್ತೀವಿ ಅಂದಾರೆ."

"ಹಮಾಲಿ ಮಾಡ್ಕಂಡು ನಾನು ಹೆಂಗೋ ಬದುಕ್ತೀನಿ" ಎಂದ ರಾಮಲಿಂಗ. "ವದಿನನ್ನ ಏನ್ ಮಾಡ್ಲಿ?"

ತೆಲುಗಿನಂತೆ ಅತ್ತಿಗೆಯನ್ನು ವದಿನ ಎನ್ನುವುದು ಅವರ ಮನೆಯ ಮಾತು. ಚೌಡಮ್ಮ ನನ್ನ ಕಡೆ ತಿರುಗಿ, "ನಾನು ಈ ಮನೆಗೆ ಬಂದಾಗ ಚಡ್ಡಿ ಹಾಕ್ಕಳಾಕೆ ಅಳ್ತಿದ್ದ ನೋಡಮ್ಮ ಇವನು. ಈಗ ನನ್ನನ್ನ ಏನ್ ಮಾಡ್ಲಿ ಅಂತಾನೆ" ಎಂದಳು.

"ವದಿನಾ, ಅಂಗಡ್ಯಾಗೆ ಚಡ್ಡಿ ಮಾತು ಯಾಕೆ?"

ಮೊದಲು ಅಂಗಡಿಯಲ್ಲಿದ್ದ ಎತ್ತರದ ಟವರ್ ಸ್ಪೀಕರುಗಳಿಗೆ ಆ ಕ್ಯಾಸೆಟ್ ಹಾಕಿದೆ. ಮಗ್ಗ ಗಿರಣಿಯಂತೆ ಗುಡುಗಿತು. ರಾಮಲಿಂಗ ತಲೆ ಅಲ್ಲಾಡಿಸಿದ. ಆಮೇಲೆ ನಾವೇ ಜೋಡಿಸುತ್ತಿದ್ದ ಒಂದು ಸಣ್ಣ ಜೋಡಿ ತೆಗೆದೆ. ಆರೂವರೆ ಇಂಚಿನ ಕಾಗದದ ವೂಫರ್, ಅಂದರೆ ತಗ್ಗು ಸದ್ದಿನ ಸ್ಪೀಕರ್. ಮೇಲೆ ಸಣ್ಣ ಟ್ವೀಟರ್, ಅಂದರೆ ಉಸಿರು, ಸರಬರ, ಚುರುಕು ಸದ್ದುಗಳದ್ದು. ದಪ್ಪ ಹಲಗೆಯ ಪೆಟ್ಟಿಗೆ. ನೋಡಲು ಏನೂ ಇಲ್ಲ; ಸಾಧಾರಣ ಮನೆಯವರು ಕೊಳ್ಳಬಹುದಾದ ಬೆಲೆ. ಗೋಡೆಯಿಂದ ಮುಂದೆ ಎಳೆದು, ಅವರಿಬ್ಬರನ್ನು ತ್ರಿಕೋನದ ತುದಿಗೆ ಕೂರಿಸಿ, ಟೇಪು ಮತ್ತೆ ಹಾಕಿದೆ.

ಈ ಸಲ ಪೆಟ್ಟಿಗೆಗಳು ಮಾಯವಾದವು. ಎರಡು ಮಗ್ಗಗಳು ಎರಡು ಜಾಗದಲ್ಲಿ ನಿಂತವು. ಲಾಳಿ ಆ ಕಡೆಯಿಂದ ಈ ಕಡೆಗೆ ಸರ್ರೆಂದು ಹಾಯುವುದು, ಹಲಗೆ ಬಡಿಯುವುದು, ಹಿಂದೆ ಎಲ್ಲೋ ಕೋಳಿ. ರಾಮಲಿಂಗ ಕಣ್ಣು ಮುಚ್ಚಿದ್ದ. ಅವನ ಬಲಗಾಲು ನಮ್ಮ ಅಂಗಡಿಯ ಸಿಮೆಂಟ್ ನೆಲವನ್ನು ತುಳಿಯುತ್ತಿತ್ತು. ಆಗ ಯಾರೋ ಕೆಮ್ಮಿದರು, ಗಂಟಲು ಸರಿಮಾಡಿಕೊಂಡರು. ಒಂದು ಗಂಡು ದನಿ, "ತಡಿಯಲೇ, ಎಳೆ ಹರೀತು" ಎಂದಿತು.

ರಾಮಲಿಂಗನ ಕಾಲು ಎತ್ತಿದ್ದು ಎತ್ತಿದಂತೆಯೇ ನಿಂತಿತು. ಚೌಡಮ್ಮ ಸೆರಗು ಎಳೆದುಕೊಂಡು ಕುರ್ಚಿಯಿಂದ ಎದ್ದು ನಿಂತಳು. ಗಂಡ ಬಂದಾಗ ಮನೆಯ ಹೆಂಗಸರು ಏಳುವ ಹಾಗೆ, ಯೋಚಿಸದೆ. ಟೇಪಿನಲ್ಲಿ ಮಗ್ಗ ಮತ್ತೆ ಶುರುವಾದ ಮೇಲೆಯೇ ರಾಮಲಿಂಗ ಕಾಲು ಇಳಿಸಿದ್ದು.

ಆಗ ನನಗೆ ಅನ್ನಿಸಿದ್ದು ಹೆಮ್ಮೆ. ನಮ್ಮ ಸಣ್ಣ ಪೆಟ್ಟಿಗೆಗಳ ಬಗ್ಗೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಯಾರು ಕೊಡಬೇಕು? ಹೆಮ್ಮೆಯೊಂದೇ ಇತ್ತೋ, ಅದರ ಕೆಳಗೆ ಇನ್ನೇನಾದರೂ ಇತ್ತೋ, ಈಗ ಬಿಡಿಸಿ ಹೇಳುವುದು ಕಷ್ಟ.

ಅದೇ ವಾರ ನಾನು ಸ್ಪೀಕರ್, ಆಂಪ್ಲಿಫೈಯರ್ ಮತ್ತು ಕ್ಯಾಸೆಟ್ ಡೆಕ್ ಹೊತ್ತುಕೊಂಡು ಮೊಳಕಾಲ್ಮೂರಿಗೆ ಹೋದೆ. ಬಳ್ಳಾರಿ ರಸ್ತೆ ಬಿಟ್ಟು ಒಳಗೆ ತಿರುಗಿದ ಮೇಲೆ ಬಂಡೆಗುಡ್ಡಗಳು ಹತ್ತಿರ ಬರುತ್ತವೆ. ಅವರ ಬೀದಿಯಲ್ಲಿ ಎಲ್ಲ ಮನೆಗಳಲ್ಲೂ ಮಗ್ಗ ಆಡುತ್ತಿತ್ತು. ಇವರ ಮನೆಯ ಮುಂದೆ ಮಾತ್ರ ಸದ್ದು ಕಡಿಮೆಯಾಯಿತು. ಮಗ್ಗದ ಕೋಣೆಯಲ್ಲಿ ಮಣ್ಣಿನ ಗೋಡೆ, ತಗ್ಗು ಮಾಡು. ಬಾಗಿಲಲ್ಲಿ ನಿಂತರೆ ಎಡಕ್ಕೆ ರಾಮಲಿಂಗನ ಕುಣಿ, ಬಲಕ್ಕೆ ಈರಣ್ಣನದು. ಈರಣ್ಣನ ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಹಾಗೇ ಇತ್ತು, ಬಿಳಿ ಬಟ್ಟೆ ಹೊದಿಸಿದ್ದರು. ರಾಮಲಿಂಗ ಒಂದು ಸ್ಪೀಕರನ್ನು ನೇರ ಆ ಕುಣಿಯೊಳಗೇ ಇಡೋಣವೇ ಎಂದು ಕೇಳಿದ. ನಾನು ಬೇಡವೆಂದೆ. ಒಂದೇ ಸ್ಪೀಕರ್ ಇಟ್ಟರೆ ಸದ್ದು ಆ ಪೆಟ್ಟಿಗೆಯೊಳಗೆ ಹೋಗಿ ಕೂರುತ್ತದೆ. ಎರಡೂ ಬೇಕು, ಆಗ ಸದ್ದು ಕೋಣೆಯಲ್ಲಿ ಕೂರುತ್ತದೆ ಎಂದು ವಿವರಿಸಿದೆ.

ಎಡದ ತಂತಿ ಎಡಕ್ಕೆ, ಬಲದ್ದು ಬಲಕ್ಕೆ ಸಿಕ್ಕಿಸಿ ಟೇಪು ಹಾಕಿದೆ. ರಾಮಲಿಂಗ ನನ್ನ ಪಕ್ಕದಲ್ಲಿ, ಕೋಣೆಯ ನಡುವೆ ನಿಂತಿದ್ದ. ಒಳಗೆ ಅಡುಗೆಮನೆಯಲ್ಲಿದ್ದ ಚೌಡಮ್ಮ ಕೂಗಿದಳು: "ರಾಮಲಿಂಗಾ, ನೀನ್ಯಾಕಪ್ಪ ನಿಮ್ಮಣ್ಣನ ಮಗ್ಗಕ್ಕೆ ಕೂತ್ಕಂಡೀಯಾ?"

ನಾವಿಬ್ಬರೂ ಖಾಲಿ ಕುಣಿಯ ಕಡೆ ನೋಡಿದೆವು. ಅಲ್ಲಿ ಯಾರೂ ಇರಲಿಲ್ಲ. ಅಲ್ಲಿಂದ ರಾಮಲಿಂಗನ ಮಗ್ಗ ಆಡುತ್ತಿತ್ತು.

ಕಾರಣ ಸರಳವಾಗಿತ್ತು. ಧ್ವನಿ ಹಿಡಿದ ಹುಡುಗಿ ನೇಯುವವರಿಗೆ ಎದುರಾಗಿ ಕೂತಿದ್ದಳು. ಅವಳ ಎಡ ಇವರ ಬಲ. ತಂತಿಗಳನ್ನು ಅದಲುಬದಲು ಮಾಡಿದರೆ ಮುಗಿಯಿತು. ಹಾಗೇ ಮಾಡಿದೆ. ಆದರೆ ತಂತಿ ಬಿಚ್ಚಲು ಖಾಲಿ ಕುಣಿಯ ಬದಿಗೆ ಹೋಗುವಾಗ ನಾನು ಅದರ ಮುಂದಿನಿಂದ ದಾಟದೆ, ಹಿಂದಿನಿಂದ ಸುತ್ತಿ ಹೋದೆ. ಕೂತು ನೇಯುತ್ತಿರುವವರ ಮುಂದೆ ದಾಟಬಾರದಲ್ಲ. ಇದು ನನಗೆ ಖಂಡಿತ ನೆನಪಿದೆ.

ಕೊನೆಗೆ ರಾಮಲಿಂಗನ ಸ್ವಂತ ಮಗ್ಗದ ಚಾನೆಲ್ಲನ್ನು ಬಹಳ ತಗ್ಗಿಸಿದೆ. ಇಲ್ಲದಿದ್ದರೆ ಅವನು ಈಗ ಬಡಿಯುವುದಕ್ಕೆ ಟೇಪಿನಲ್ಲಿದ್ದ ಅವನದೇ ಹಳೆಯ ಪೆಟ್ಟು ಅಡ್ಡಬರುತ್ತಿತ್ತು. ಪೂರ್ತಿ ಮುಚ್ಚಲಿಲ್ಲ. ಆ ಸ್ವಲ್ಪದಿಂದಲೇ ಕೋಣೆ ತೆರೆದುಕೊಳ್ಳುತ್ತಿದ್ದದ್ದು. ಅವನು ಕುಣಿಗೆ ಇಳಿದು, ಅಣ್ಣನ ಪೆಟ್ಟುಗಳನ್ನು ಸ್ವಲ್ಪ ಹೊತ್ತು ಕೇಳಿ, ಬಿಡುವು ನೋಡಿ ತನ್ನ ಪೆಟ್ಟು ಇಟ್ಟ. ಆಮೇಲೆ ನಿಲ್ಲಲಿಲ್ಲ. ಅತ್ತ ಒಂದು, ಇತ್ತ ಒಂದು. "ತಡಿಯಲೇ" ಎಂದಾಗ ತಡೆದ, ಮತ್ತೆ ಶುರುಮಾಡಿದ. ಬಟ್ಟೆ ಬೆರಳಗಲ ಮುಂದಕ್ಕೆ ಹೋಯಿತು. ಬೆಳಕಿಗೆ ಹಿಡಿದು ನೋಡಿದರೆ ಪಟ್ಟೆಯಿಲ್ಲ.

ಆ ಹೊತ್ತಿನಲ್ಲಿ ಈರಣ್ಣನ ಮಗ್ಗದ ಮೇಲಿನ ಬಿಳಿ ಬಟ್ಟೆ ಪ್ರತಿ ಪೆಟ್ಟಿಗೂ ಸಣ್ಣಗೆ ನಡುಗುತ್ತಿದ್ದದ್ದನ್ನು ನೋಡಿದೆ. ಬಿಗಿದ ರೇಷ್ಮೆ ಎಳೆಗಳು ಹತ್ತಿರದ ಸದ್ದಿಗೆ ತಾವೂ ಕಂಪಿಸುತ್ತವೆ. ತೊಲೆಯ ಮೂಲಕ ರಾಮಲಿಂಗನ ಪೆಟ್ಟೂ ಅಲ್ಲಿಗೆ ಮುಟ್ಟುತ್ತದೆ. ವಿವರಣೆ ಕಷ್ಟವಲ್ಲ. ಆದರೆ ಬಟ್ಟೆ ನಡುಗಿದ್ದು ರಾಮಲಿಂಗನ ಪೆಟ್ಟಿಗೋ ಈರಣ್ಣನ ಪೆಟ್ಟಿಗೋ ಎಂದು ಆಗ ಗಮನಿಸಲಿಲ್ಲ. ಈಗ ನೆನಪಿಸಿಕೊಂಡಾಗಲೆಲ್ಲ ಅದು ಈರಣ್ಣನ ಪೆಟ್ಟಿಗೇ ನಡುಗುತ್ತದೆ. ನೆನಪು ಅದನ್ನು ಆಮೇಲೆ ತಾನೇ ಸರಿಹೊಂದಿಸಿಕೊಂಡಿರಬಹುದು.

ಟೇಪಿನ ಒಂದು ಬದಿ ಮುಗಿದು ಡೆಕ್ ಟಕ್ಕೆಂದು ನಿಂತಿತು. ಎರಡೂ ಮಗ್ಗ ಒಟ್ಟಿಗೆ ನಿಂತವು. ಒಳಗಿನಿಂದ ಚೌಡಮ್ಮ ತಂಬಿಗೆಯಲ್ಲಿ ನೀರು ತಂದಳು. ಮಗ್ಗ ನಿಂತರೆ ನೀರು ತರುವುದು ಅವಳ ವರ್ಷಗಳ ರೂಢಿ. ನೇರ ಖಾಲಿ ಕುಣಿಯ ಹತ್ತಿರ ಹೋಗಿ, ಬಗ್ಗಿ, ತಂಬಿಗೆಯನ್ನು ಅದರ ಅಂಚಿನಲ್ಲಿ ಇಟ್ಟಳು. ಇಟ್ಟ ಮೇಲೆ ಕೈ ಹಿಂದಕ್ಕೆ ಎಳೆದುಕೊಳ್ಳದೆ ಹಾಗೇ ಬಗ್ಗಿ ನಿಂತಳು. ಸ್ವಲ್ಪ ಹೊತ್ತಿನ ಮೇಲೆ ತಂಬಿಗೆ ಎತ್ತಿ ನನಗೆ ಕೊಟ್ಟು, "ಬಿಸಿಲಾಗೆ ಬಂದೀರಿ, ಕುಡೀರಿ" ಎಂದಳು. ನಾನು ಕುಡಿದೆ.

ಕೆಲವು ವಾರಗಳ ನಂತರ ಚೌಡಮ್ಮ ಒಬ್ಬಳೇ ಬಸ್ಸು ಹತ್ತಿ ನಮ್ಮ ಅಂಗಡಿಗೆ ಬಂದಳು. ಸೆಟ್ಟು ಕೆಟ್ಟಿದೆಯೇ ಎಂದು ಕೇಳಿದೆ.

"ಇಲ್ಲ ತಾಯಿ. ಕೆಟ್ಟಿಲ್ಲ, ಅದೇ ತ್ರಾಸು."

"ಸೀರೆ ಹೇಗಾಗ್ತಿದೆ?"

"ಚೆಂದಾಗೈತೆ. ಅರ್ಧ ದಾಟೈತೆ. ಕನ್ನಡಿ ಇದ್ದಂಗೆ ಐತೆ." ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಮೊದಮೊದಲು ನೀರು ಇಡ್ತಿದ್ದೆ. ನೀವೇ ನೋಡಿದ್ರಲ್ಲ. ಆಮ್ಯಾಕೆ ಮುದ್ದೆ ಕಟ್ಟೋವಾಗ ಕೈ ಒಂದು ಹೆಚ್ಚಿಗೆ ಕಟ್ಟಾಕೆ ಹತ್ತಿತು. ಮನ್ನೆ ಕೆಮ್ಮಿದ್ರು. ಬೆಲ್ಲದ ಕಷಾಯ ಕಾಸಿ ತರ್ಲಾ ಅಂತ ಕೇಳ್ದೆ ನಾನು. ಬಾಯಿಬಿಟ್ಟು ಕೇಳ್ದೆ. ಪಕ್ಕದ ಮನೆ ಹುಡುಗಿ ಅಲ್ಲೇ ನಿಂತಿತ್ತು, ಓಡಿಹೋತು."

"ರಾಮಲಿಂಗನಿಗೆ ಹೇಳಿದ್ರಾ?"

"ಹೆಂಗ್ ಹೇಳ್ಲಿ? ನಿಲ್ಸು ಅಂದ್ರೆ ನಿಲ್ಸ್ತಾನೆ. ನಿಲ್ಸಿದ್ರೆ ಸೀರೆ ಕೆಡ್ತೈತೆ. ಸೀರೆ ಕೆಟ್ರೆ ಮಗ್ಗ ಹೋತು." ನನ್ನ ಕಡೆ ತಿರುಗಿ ಅಂದಳು: "ನೀವು ಅದನ್ನ ಅಷ್ಟು ಖರೇ ಮಾಡಿಬಿಟ್ರಿ. ಈಗ ಒಂಚೂರು ಸುಳ್ಳು ಮಾಡಿಕೊಡ್ರಿ. ಅವನ ಕೈಗೆ ಪೆಟ್ಟು ಸಿಗ್ಲಿ. ನನ್ನ ಮನೆಯೋರು ಸಿಗೋದು ಬ್ಯಾಡ."

ಅಲ್ಲಿವರೆಗೆ ನನ್ನ ಹತ್ತಿರ ಯಾರೂ ಇಂಥ ಬೇಡಿಕೆ ಇಟ್ಟಿರಲಿಲ್ಲ. ಸದ್ದನ್ನು ನಿಜದ ಹತ್ತಿರಕ್ಕೆ ಒಯ್ಯುವುದಷ್ಟೇ ನಾನು ಕಲಿತದ್ದು. ಒಂದೇ ಕೋಣೆಯ ಸದ್ದು. ಅದರಲ್ಲಿ ಒಬ್ಬನ ಅನ್ನ, ಇನ್ನೊಬ್ಬಳ ನೆಮ್ಮದಿ. ಎಷ್ಟು ಕೆಡಿಸಿದರೆ ಅವಳಿಗೆ ಸಾಕು, ಎಷ್ಟು ಉಳಿಸಿದರೆ ಅವನಿಗೆ ಸಾಕು ಎಂದು ಯಾವ ಪುಸ್ತಕದಲ್ಲೂ ಇರಲಿಲ್ಲ. ತಪ್ಪಿದರೆ ಅರ್ಧ ದಾಟಿದ ಆ ಮದುವೆ ಸೀರೆಯಲ್ಲಿ ನಡುವೆ ಪಟ್ಟೆ ಬೀಳುತ್ತಿತ್ತು. ಅದನ್ನು ಬಿಚ್ಚಿ ಸರಿಮಾಡಲು ಬರುವುದಿಲ್ಲ.

ಮರುದಿನ ಹೋದೆ. ತಂತಿ ನೋಡಲು ಬಂದೆ ಎಂದೆ. ರಾಮಲಿಂಗ ನೇಯುತ್ತಿದ್ದ, ನಗುತ್ತಾ, "ನೋಡ್ರಿ ಮೇಡಂ, ಏನೂ ತೊಂದ್ರೆ ಇಲ್ಲ. ಅಣ್ಣ ಬದುಕಿದ್ದಾಗ ಇಷ್ಟು ಹೊತ್ತು ಕೂರ್ತಾನೇ ಇರ್ಲಿಲ್ಲ, ಬೀಡಿ ಅಂತ ಏಳೋನು" ಎಂದ. ಟೇಪು ನಿಲ್ಲಿಸಲು ಹೇಳಿದೆ. ಖಾಲಿ ಕುಣಿಯ ಬದಿಯ ಸ್ಪೀಕರನ್ನು ಎತ್ತಿ ತಂದು, ರಾಮಲಿಂಗನ ಹಿಂದಿನ ಗೋಡೆಯ ಗೂಡಿನಲ್ಲಿ, ದೀಪ ಇಡುವ ಗೂಡಿನ ಪಕ್ಕ, ಗೋಡೆಗೆ ಒತ್ತಿ ಇಟ್ಟೆ. ಇನ್ನೊಂದರ ತಂತಿ ಬಿಚ್ಚಿದೆ. ಕೋಣೆ ತೆರೆದುಕೊಳ್ಳಲು ಈಗ ದಾರಿಯಿಲ್ಲ. ಆಮೇಲೆ ಪೆಟ್ಟಿಗೆಯ ಹಿಂಬದಿ ಬಿಚ್ಚಿ ಟ್ವೀಟರಿನ ತಂತಿ ಕಳಚಿದೆ. ಉಸಿರು, ಎಳೆಗಳ ಸರಬರ, ಗಂಟಲು ಸರಿಮಾಡಿಕೊಳ್ಳುವುದು, ಮಾತಿನ ಅಂಚು, ಎಲ್ಲವೂ ಬರುತ್ತಿದ್ದದ್ದು ಆ ಸಣ್ಣ ಸ್ಪೀಕರಿನಿಂದ. ಇನ್ನು ಉಳಿಯುವುದು ಮರದ ಹಲಗೆಯ ಪೆಟ್ಟು ಮಾತ್ರ. ಕೆಮ್ಮು ಗೋಡೆಯಾಚೆ ಯಾರೋ ಮೂಟೆ ಇಳಿಸಿದಂತೆ ಕೇಳುತ್ತದೆ, ಅಷ್ಟೇ.

ಟೇಪು ಹಾಕಿದೆ. ಚೌಡಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು.

ಪೆಟ್ಟು ಬಿತ್ತು. ಬಿಡುವು. ಪೆಟ್ಟು. ಬಿಡುವು. ರಾಮಲಿಂಗನ ಕೈ ಲಾಳಿಯ ಹಗ್ಗದ ಮೇಲಿತ್ತು, ಎಳೆಯಲಿಲ್ಲ. ಅವನು ಪಕ್ಕದ ಕುಣಿಯ ಕಡೆ ನೋಡಿದ. ನನ್ನ ಕಡೆ ನೋಡಲೇ ಇಲ್ಲ.

"ಅಣ್ಣ ಎದ್ದು ಹೋದ್ನಲ್ಲ, ವದಿನಾ" ಎಂದ.

ನಾನು ಏನಾದರೂ ತಾಂತ್ರಿಕ ಕಾರಣ ಹೇಳಬೇಕೆಂದು ಹುಡುಕುತ್ತಿದ್ದೆ. ಚೌಡಮ್ಮ ಬಾಗಿಲ ಕಂಬ ಹಿಡಿದುಕೊಂಡು, ಮಾಮೂಲಿ ಮಾತಾಡುವ ದನಿಯಲ್ಲೇ ಹೇಳಿದಳು:

"ಹೋಗ್ಲಿ ಬಿಡಪ್ಪ. ಎಷ್ಟು ದಿನ ಅಂತ ಕೂರ್ತಾರೆ? ನೀನು ನೇಯಿ."

ಪೆಟ್ಟುಗಳು ಬೀಳುತ್ತಲೇ ಇದ್ದವು, ಬಿಡುವುಗಳು ಖಾಲಿ ಹೋಗುತ್ತಲೇ ಇದ್ದವು. ಅವನು ಅತ್ತಿಗೆಯ ಮುಖ ನೋಡಿದ. ಏನು ಕಂಡಿತೋ. ತಲೆ ತಗ್ಗಿಸಿ, ಒಂದು ಬಿಡುವನ್ನು ಹಾಗೇ ಹೋಗಲು ಬಿಟ್ಟು, ಅದರ ಮುಂದಿನದಕ್ಕೆ ಹಲಗೆ ಎಳೆದ. ಆಮೇಲೆ ಇನ್ನೊಂದು. ಟೇಪಿನಲ್ಲಿ ಮಸುಕಾದ ದನಿ ಏನೋ ಅಂದು ಮಗ್ಗ ನಿಂತಾಗ ಈ ಸಲ ಅವನು ನಿಲ್ಲಲಿಲ್ಲ. ಆ ಮೌನದುದ್ದಕ್ಕೂ ಒಬ್ಬನೇ ನೇಯ್ದ. ಟೇಪಿನ ಪೆಟ್ಟು ಮತ್ತೆ ಶುರುವಾದಾಗ ಅವನ ಪೆಟ್ಟು ಸರಿಯಾಗಿ ಅದರ ನಡುವೆಯೇ ಇತ್ತು.

ಸೀರೆಯನ್ನು ಸಾಹುಕಾರರು ಒಪ್ಪಿಕೊಂಡರು, ಮತ್ತೊಂದು ಹಾಸು ಕೊಟ್ಟರು ಎಂದು ಆಮೇಲೆ ಸುದ್ದಿ ಬಂತು. ಟೇಪು ಎಷ್ಟು ಕಾಲ ಬಳಸಿದರೋ ಗೊತ್ತಿಲ್ಲ. ರಿಪೇರಿಗೆಂದು ಆ ಸೆಟ್ಟು ನಮ್ಮಲ್ಲಿಗೆ ಮತ್ತೆ ಬರಲಿಲ್ಲ.

ಆ ಮನೆಯಲ್ಲಿ ನಾನು ನಿಜವಾಗಿ ಏನು ಕೇಳಿದೆ ಎಂದು ಯಾರಾದರೂ ಕೇಳಿದರೆ, ಒಂದು ಕ್ಯಾಸೆಟ್ ಎನ್ನುತ್ತೇನೆ. ಅಷ್ಟೇ ಖಾತ್ರಿಯಾಗಿ ಹೇಳಬಲ್ಲೆ. ಆದರೆ ಕೆಲಸದ ರೀತಿಯಲ್ಲಿ ಒಂದು ಬದಲಾವಣೆಯಾಯಿತು. ಅಂಗಡಿಯಲ್ಲಿ ಇನ್ನೂ ಎಷ್ಟೋ ವರ್ಷ ಸ್ಪೀಕರ್ ಆರಿಸಿಕೊಟ್ಟೆ. ಸದ್ದು ಎಷ್ಟು ವಿಶಾಲವಾಗಿ, ಎಷ್ಟು ನಿಜವಾಗಿ ಬೇಕು ಎಂದು ಗಿರಾಕಿಗಳನ್ನು ಕೇಳುವುದನ್ನು ಬಿಡಲಿಲ್ಲ. ಅದಕ್ಕೂ ಮೊದಲು ಇನ್ನೊಂದನ್ನು ಕೇಳತೊಡಗಿದೆ: ನೀವು ಇದನ್ನು ಹಾಕಿದಾಗ ಆಚೆ ಕೋಣೆಯಲ್ಲಿ ಯಾರಿರುತ್ತಾರೆ?